ಕಿಡ್ಡೋ ಎಂಬ ಪದದ ಬಾಲ

ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬೀದರಿನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ "ಸರ್, ನಿಮ್ಮ ಅನುಭವ ಸ್ವಲ್ಪ ಹೇಳ್ರಿ" ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಗದ್ದಲ ಮಾಡುವ ತರಗತಿಯನ್ನು ಸುಮ್ಮನಾಗಿಸುವ ಉಪಾಯ, ಕಾಲಗಳನ್ನು ಬೇಗ ಕಲಿಸುವ ಉಪಾಯ. ಅಂಥವು ನನ್ನ ಬಳಿ ಚೀಲದ ತುಂಬ ಇವೆ, ಕೊಟ್ಟು ಕಳಿಸುತ್ತೇನೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಳ್ಳುವಾಗ, ಹೇಳಬೇಕಾದದ್ದನ್ನು ಇವತ್ತೂ ಹೇಳಲಿಲ್ಲ ಎಂದು ಅನ್ನಿಸುತ್ತದೆ.

ಹೇಳಬೇಕಾದದ್ದು ಇಷ್ಟೇ. ನಾನು ಒಂದು ಇಂಗ್ಲಿಷ್ ಪದದ ಅರ್ಥ ಗೊತ್ತಿಲ್ಲದೆ ಗೊತ್ತಿದ್ದವನಂತೆ ಹೇಳಿದೆ. ಸರಿಯಾದ ಅರ್ಥ ಬರೆದ ಹುಡುಗಿಯನ್ನು ನಲವತ್ತು ಮಂದಿಯ ಮುಂದೆ ನಗೆಪಾಟಲು ಮಾಡಿದೆ. ಆಕೆಯ ಶಾಲೆ ಹೋಯಿತು, ಹೆಸರೂ ಹೋಯಿತು. ಪಗಾರ, ಬಡ್ತಿ, ಶಾಲು, ಸನ್ಮಾನ ಎಲ್ಲ ನನಗೆ ಬಂದವು. ಅವುಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಈ ಹುಡುಗಿಯ ವಿಷಯವನ್ನು ಬರೆಯಬೇಕೆಂದು ಕೇಳಿದವಳು ಆಕೆಯೇ.

ನನ್ನ ಮೊದಲ ನೌಕರಿ ಔರಾದ ತಾಲ್ಲೂಕಿನಲ್ಲಿ, ಸಂತಪುರದಿಂದ ಇನ್ನೂ ಒಳಗೆ ಇರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಬೇಡ. ನನಗಾಗ ಇಪ್ಪತ್ತಾರು ವರ್ಷ. ನಾನೂ ಕನ್ನಡ ಶಾಲೆಯಲ್ಲೇ ಓದಿದವನು. ಇಂಗ್ಲಿಷನ್ನು ಗೈಡುಗಳಿಂದ ಕಲಿತವನು, ಯಾರೊಬ್ಬರ ಬಾಯಿಂದಲೂ ಕೇಳಿ ಕಲಿತದ್ದಲ್ಲ. ಅಂಗೈಯಗಲದ ಒಂದು ಶಬ್ದಕೋಶ ಇತ್ತು. ಅದರಲ್ಲಿಲ್ಲದ ಪದ ಎದುರಾದರೆ ನನಗೆ ಬೆವರು ಬರುತ್ತಿತ್ತು. ಆ ಊರಿನಲ್ಲಿ ನಾನೊಬ್ಬನೇ ಇಂಗ್ಲಿಷ್ ಬಲ್ಲವನು. ಬಸ್ಸಿನ ಡ್ರೈವರು ಸಹ ನನಗೆ ಜಾಗ ಬಿಡಿಸಿ ಕೊಡುತ್ತಿದ್ದ. ಆ ಮರ್ಯಾದೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆ ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ.

ಹೆಡ್‌ಮಾಸ್ತರರು ಖಾಜಾ ಮಿಯಾ ಸಾಬರು. ಗಣಿತ ಕಲಿಸುತ್ತಿದ್ದರು. ಅರ್ಧ ಕನ್ನಡ ಅರ್ಧ ದಖನಿ ಉರ್ದು ಮಾತು. ಲೆಕ್ಕ ಬಿಡಿಸುವಾಗ ಮಧ್ಯೆ ಎಲ್ಲಾದರೂ ಸಿಕ್ಕಿಕೊಂಡರೆ ಬಳಪ ಕೆಳಗಿಟ್ಟು, "ಏ ನನಗ ಬರವಲ್ದು, ನಾಳಿ ನೋಡ್ಕೊಂಡ ಬರ್ತೇನಿ" ಎಂದು ಮಕ್ಕಳಿಗೇ ಹೇಳಿಬಿಡುತ್ತಿದ್ದರು. ಮರುದಿನ ಬಿಡಿಸಿ ತೋರಿಸುತ್ತಿದ್ದರು. ನನಗೆ ಅದು ಅವಮಾನದ ಕೆಲಸವಾಗಿ ಕಾಣುತ್ತಿತ್ತು. ಮಕ್ಕಳ ಎದುರು ಮಾಸ್ತರ ಸೋಲುವುದುಂಟೆ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ.

ಮಾಳಮ್ಮ ಒಂಬತ್ತನೇ ತರಗತಿಯಲ್ಲಿದ್ದಳು. ಕುರಿ, ಆಡು ಸಾಕುವ ಮನೆ. ಬೆಳಿಗ್ಗೆ ಮರಿಗಳನ್ನು ಹಾಲಿಗೆ ಬಿಟ್ಟು ಕಟ್ಟಿ ಬರುತ್ತಿದ್ದುದರಿಂದ ದಿನಾಲೂ ಐದು ನಿಮಿಷ ತಡ. ಹುಡುಗಿಯರ ಸಾಲಿನ ಮೂರನೇ ಬೆಂಚು. ಮಾತು ಕಡಿಮೆ. ಆದರೆ ಯಾವ ಪದ ಹೇಳಿದರೂ ಅದನ್ನು ತಿರುಗಿಸಿ ಮುರುಗಿಸಿ ನೋಡುವ ಚಟ ಆಕೆಗೆ. ನೆಲದ ಮೇಲಿನ ಗೊರಸಿನ ಗುರುತು ನೋಡಿ ಹಿಂಡು ಯಾವ ಕಡೆ ಹೋಗಿದೆ ಎಂದು ಹೇಳುವವರ ಮನೆಯವಳಲ್ಲವೆ.

ಒಂದು ಸಲ ಬೀದರಿನಿಂದ ತಪಾಸಣೆಗೆ ಸಾಹೇಬರು ಬಂದರು. ನಮ್ಮ ತರಗತಿಗೆ ಬಂದು, ಕುರಿಗೆ ಇಂಗ್ಲಿಷಿನಲ್ಲಿ ಬಹುವಚನ ಏನು ಎಂದು ಕೇಳಿದರು. ಬಹುವಚನಕ್ಕೆ ಎಸ್ ಹಚ್ಚಿದರೆ ಆಯಿತು ಎಂದು ನಾನು ಹಿಂದಿನ ವಾರವಷ್ಟೇ ಕಲಿಸಿದ್ದೆ. ಎಸ್ ಹಚ್ಚಬಾರದ ಪದಗಳೂ ಇವೆ ಎಂಬುದನ್ನು ಕಲಿಸಿರಲಿಲ್ಲ. ಇಡೀ ತರಗತಿ ಒಂದೇ ದನಿಯಲ್ಲಿ "ಶೀಪ್ಸ್" ಎಂದಿತು. ಸಾಹೇಬರು ನನ್ನ ಕಡೆ ತಿರುಗಿ ನೋಡಿದರು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಆಗ ಮೂರನೇ ಬೆಂಚಿನಿಂದ ಮಾಳಮ್ಮ ಎದ್ದು ನಿಂತು "ಶೀಪ್ ರಿ" ಎಂದಳು.

"ಹ್ಯಾಂಗ ಗೊತ್ತಾತು?" ಎಂದು ಕೇಳಿದರು ಸಾಹೇಬರು.

"ಪಾಠದಾಗ ಮೆನಿ ಶೀಪ್ ಅಂತ ಅದರಿ. ಎಸ್ ಇಲ್ರಿ. ಕುರಿ ಒಂದ ಹ್ಯಾಂಗ ಹೋಗ್ತದೋ ಹಿಂಡೂ ಹಂಗೇ ಹೋಗ್ತದಲ್ರಿ, ಅದಕ್ಕ ಇರಬೇಕು ಅಂದ್ಕೊಂಡೆ."

ಸಾಹೇಬರು ಹೊಟ್ಟೆ ತುಂಬ ನಕ್ಕರು. ಇಂಗ್ಲಿಷ್ ಬೋಧನೆ ಉತ್ತಮವಾಗಿದೆ ಎಂದು ಪುಸ್ತಕದಲ್ಲಿ ಬರೆದು ಹೋದರು. ಆ ಒಂದು ಸಾಲು ನನ್ನ ಮುಂದಿನ ಎಲ್ಲ ಕಾಗದಪತ್ರಗಳಲ್ಲೂ ನನ್ನ ಬೆನ್ನಿಗೆ ನಿಂತಿತು. ಅದು ಮಾಳಮ್ಮನದು. ನಾನು ಆಕೆಗೆ "ಶಾಭಾಸ್" ಎಂದು ಕೂಡ ಹೇಳಲಿಲ್ಲ. ಹೇಳಿದರೆ ನಾನು ಕಲಿಸಿರಲಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು.

ಅದೇ ವರ್ಷ ಉಪಪಠ್ಯದಲ್ಲಿ ಒಂದು ಕಥೆ ಬಂತು. ಒಬ್ಬ ಕಾಕಾ ರೈಲ್ವೆ ಸ್ಟೇಷನ್ನಿನ ಆ ತುದಿಯಲ್ಲಿ ನಿಂತು, ಈ ತುದಿಯಲ್ಲಿ ಹಿಂದೆ ಉಳಿದ ಅಣ್ಣನ ಮಗನಿಗೆ "ಹರಿ ಅಪ್, ಕಿಡ್ಡೋ!" ಎಂದು ಕೂಗುತ್ತಾನೆ. ಔರಾದಿಗೆ ಇವತ್ತಿಗೂ ರೈಲಿಲ್ಲ. ಪ್ಲಾಟ್‌ಫಾರ್ಮ್ ಎಂದರೇನು ಎಂದು ವಿವರಿಸುವುದರಲ್ಲೇ ಅರ್ಧ ಪಿರಿಯಡ್ ಹೋಗಿತ್ತು. ಆಗ ಒಬ್ಬ ಹುಡುಗ "ಸರ್, ಕಿಡ್ಡೋ ಅಂದ್ರೇನ್ರಿ?" ಎಂದ.

ನನಗೆ ಗೊತ್ತಿರಲಿಲ್ಲ. ನನ್ನ ಶಬ್ದಕೋಶದಲ್ಲಿ ಕಿಡ್ ಇತ್ತು, ಕಿಡ್ಡೋ ಇರಲಿಲ್ಲ. "ನಾಳೆ ನೋಡಿಕೊಂಡು ಬರುತ್ತೇನೆ" ಎನ್ನಲು ನಾಲಿಗೆ ಏಳಲಿಲ್ಲ. ಕಪ್ಪು ಹಲಗೆಯ ಕಡೆ ತಿರುಗಿ ದೊಡ್ಡ ಅಕ್ಷರದಲ್ಲಿ ಪದವನ್ನು ಬರೆದು ನಡುವೆ ಗೆರೆ ಎಳೆದೆ. ಕಿಡ್ ಅಂದರೆ ಹುಡುಗ, ಡೂ ಅಂದರೆ ಮಾಡು. ಚುರುಕಾಗಿ ಕೆಲಸ ಮಾಡುವ ಹುಡುಗ ಕಿಡ್‌ಡೂ, ಬರಬರುತ್ತ ಕಿಡ್ಡೋ ಆಯಿತು. ಡೂ ಎಂಬುದು ಇಲ್ಲಿ ಪ್ರತ್ಯಯ, ಬರೆದುಕೊಳ್ಳಿ ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಿರಿಯಡ್ ಮುಗಿಯುವ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ.

ಜಗಲಿಯಲ್ಲಿ ನಿಂತು ಕೇಳುತ್ತಿದ್ದ ಖಾಜಾ ಮಿಯಾ ಸಾಬರು ಆಮೇಲೆ ನಗುತ್ತ, "ಗುರುಜಿ, ನಮ್ಮ ಭಾಷಾದಾಗ ದೋ ಅಂದ್ರ ಎರಡು. ನಾ ಎಲ್ಲೋ ಎರಡು ಪೋರ ಅಂತ ತಿಳ್ಕೊಂಡಿದ್ದೆ" ಎಂದರು. ನಂತರ ದನಿ ತಗ್ಗಿಸಿ, "ಡಿಕ್ಷನರಿ ನೋಡೀರಿ ಹೌದಿಲ್ಲೋ?" ಎಂದು ಕೇಳಿದರು.

"ನೋಡೇನ್ರಿ" ಎಂದು ಸುಳ್ಳು ಹೇಳಿದೆ.

"ಗೊತ್ತಿಲ್ಲ ಅಂದ್ರ ತಲಿಮ್ಯಾಲಿನ ಟೊಪ್ಪಿಗಿ ಬೀಳಂಗಿಲ್ರಿ ಗುರುಜಿ" ಎಂದಷ್ಟೇ ಹೇಳಿ ಅವರು ಗಣಿತದ ಪಿರಿಯಡ್‌ಗೆ ಹೋದರು.

ಸುಳ್ಳು ಹೇಳಿದವನು ಅಲ್ಲಿಗೆ ಬಿಡಬೇಕಿತ್ತು. ನಾನು ಅದನ್ನು ಕಿರುಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೊಟ್ಟೆ. ಕಿಡ್ಡೋ ಪದವನ್ನು ಬಿಡಿಸಿ ಅರ್ಥ ಬರೆಯಿರಿ. ಎಲ್ಲರೂ ನಾನು ಹೇಳಿದ್ದನ್ನೇ ಬರೆದಿದ್ದರು. ಮಾಳಮ್ಮ ಹೀಗೆ ಬರೆದಿದ್ದಳು: "ಕಿಡ್ ಅಂದರೆ ಆಡಿನ ಮರಿ. ಪ್ರೀತಿಗೆ ಮಕ್ಕಳಿಗೂ ಮರಿ ಅಂತಾರೆ. ಓ ಅನ್ನೋದು ಕರೆಯೋದು. ಹತ್ತಿರ ಇದ್ದರೆ ಮರಿ, ದೂರ ಹೋದರೆ ಮರ್ಯೋ. ಕಾಕಾ ದೂರ ನಿಂತಿದ್ದ, ಅದಕ್ಕೆ ಕಿಡ್ಡೋ ಅಂದ."

ಐದು ಸಾಲು. ಇವತ್ತಿಗೂ ಅಕ್ಷರ ತಪ್ಪದೆ ನೆನಪಿದೆ. ಆಡಿನ ಮರಿಗೆ ಕಿಡ್ ಎನ್ನುತ್ತಾರೆ ಎಂದು ಏಳನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಪಟ್ಟಿಯಿಂದ ತೆಗೆದದ್ದು. ಉಳಿದದ್ದು ತನ್ನ ಮನೆಯ ಅಂಗಳದಿಂದ ತೆಗೆದದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನಗಾದದ್ದು ಅದೇ. ಆದರೆ ನಿಜ ಹೇಳಬೇಕೆಂದರೆ, ಅದನ್ನು ಓದಿದಾಗ ಇದು ಸರಿ ಇರಬಹುದು ಎಂದು ಅನ್ನಿಸಿತ್ತು. ಅದಕ್ಕೇ ಅಷ್ಟು ಸಿಟ್ಟು ಬಂತು.

ಮರುದಿನ ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು ತರಗತಿಗೆ ಓದಿ ಹೇಳಿದೆ. "ಏನವ್ವಾ ಮಾಳಮ್ಮಾ, ಕಾಕಾ ಸ್ಟೇಷನ್‌ದಾಗ ಆಡ ಕಾಯಾಕ ಬಂದಿದ್ನೇನು?" ಎಂದೆ. ತರಗತಿ ನಕ್ಕಿತು. ಹಿಂದಿನಿಂದ ಯಾರೋ "ಬ್ಯಾ" ಎಂದರು. ಗದರಿಸಬೇಕಾದವನು ನಾನು, ಅವರ ಜೊತೆ ನಕ್ಕೆ. ಆಕೆ ನಿಂತೇ ಇದ್ದಳು. ಕೂತುಕೋ ಎಂದು ನಾನು ಹೇಳಲಿಲ್ಲ, ಹೇಳದೆ ಆಕೆ ಕೂರುವಂತಿರಲಿಲ್ಲ. ಪಿರಿಯಡ್ ಮುಗಿಯುವವರೆಗೆ ನಿಂತಳು.

ಮಾರನೇ ದಿನ ಹಾಜರಿ ಕರೆಯುವಾಗ, ನಿನ್ನೆಯ ನಗುವಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಮಾಳಮ್ಮನ ಹೆಸರು ಬಂದಾಗ "ಕಿಡ್ಡೋ" ಎಂದೆ. ಮತ್ತೆ ನಗು. ಆಕೆ ಉತ್ತರಿಸಲಿಲ್ಲ. "ಕರದ್ರ ಓ ಅನ್ನಬೇಕು. ನಿಮ್ಮನ್ಯಾಗ ಅಷ್ಟೂ ಕಲಿಸಿಲ್ಲೇನು?" ಎಂದೆ.

ಆಕೆ ಎದ್ದು ನಿಂತು, "ನನ್ನ ಹೆಸರ ಮಾಳಮ್ಮ ಅದರಿ" ಎಂದಳು.

ಎದುರಿಗೆ ನಿಂತಿದ್ದ ಹುಡುಗಿಗೆ ನಾನು ಗೈರುಹಾಜರಿ ಹಾಕಿದೆ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಆಕೆ ನಿಜವಾಗಿಯೂ ಬರಲಿಲ್ಲ.

ಎರಡು ವಾರದ ಮೇಲೆ ಆಕೆಯ ತಂದೆ ಶಾಲೆಗೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಗೇಟಿನ ಹೊರಗೇ ಒರಗಿಸಿ ಬಂದು, ಚಪ್ಪಲಿ ಬಿಟ್ಟು ನನ್ನ ಮುಂದೆ ನಿಂತರು. ಜಗಳ ಮಾಡಲು ಬಂದಿದ್ದಾರೆಂದು ನಾನು ಎದೆ ಸೆಟೆಸಿಕೊಂಡಿದ್ದೆ.

"ಗುರುಜಿ, ಪೋರಿ ಸಾಲಿಗಿ ಒಲ್ಲೆ ಅನ್ನಲತ್ತಾಳ್ರಿ. ಏನಾತಂತ ಹೇಳವಲ್ಲಳು. ಓದಾದಂದ್ರ ಆಕಿಗಿ ಭಾಳ ಹುಚ್ಚದರಿ. ನೀವು ಒಂದ್ಸಲ ನಮ್ಮನಿ ತನಕ ಬಂದು ಕರದ್ರ ಬರ್ತಾಳ್ರಿ."

"ಸಾಲಿಗಿ ಬರೋದು ಆಕಿ ಕೆಲಸ. ಮನಿ ಮನಿಗಿ ಹೋಗಿ ಕರಿಯೋದು ನನ್ನ ಕೆಲಸ ಅಲ್ಲ" ಎಂದೆ.

"ಹೌದ್ರಿ, ಖರೆ ಅದ. ಆದ್ರೂ ಒಂದೇ ಸಲ ಕರದ್ರ..." ಎಂದರು. ನಾನು ಪುಸ್ತಕ ತೆಗೆದು ಓದುವವನಂತೆ ಮಾಡಿದೆ. ಸ್ವಲ್ಪ ಹೊತ್ತು ನಿಂತು, ಕೈ ಮುಗಿದು ಹೋದರು. ಅವರ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಖಾಜಾ ಮಿಯಾ ಸಾಬರು ಆ ವಾರ ಮೂರು ಸಲ "ಹೋಗಿ ಬರ್ರಿ ಗುರುಜಿ, ಕರಿಯಾಕ ರೊಕ್ಕ ಬೀಳ್ತದೇನು" ಎಂದರು. ನಾನು ಹೋಗಲಿಲ್ಲ. ಅವರೇ ಹೋದರು. "ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾಹೇಬ್ರ, ಕರಿಬೇಕಾದೋರು ಕರೀಲಿ" ಎಂದು ಆಕೆ ಹೇಳಿ ಕಳಿಸಿದಳಂತೆ. ವರ್ಷದ ಕೊನೆಯಲ್ಲಿ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನೂ ನಾನೇ.

ನಂತರ ನನಗೆ ಭಾಲ್ಕಿಗೆ ವರ್ಗವಾಯಿತು. ಅಲ್ಲಿ ಬಹಳ ವರ್ಷ ಕಳೆದೆ. ಕಲಿಸುವ ರೀತಿ ನಮ್ಮ ಕಣ್ಣೆದುರೇ ಬದಲಾಯಿತು. ಮೊದಲು ಕನ್ನಡಕ್ಕೆ ಅನುವಾದಿಸಿ ಹೇಳುತ್ತಿದ್ದೆವು, ಆಮೇಲೆ ಅನುವಾದ ಮಾಡಲೇಬಾರದು ಎಂದರು. ಟೇಪ್ ರೆಕಾರ್ಡರ್ ಬಂತು, ಅದರ ಬ್ಯಾಟರಿ ಸದಾ ಇಳಿದಿರುತ್ತಿತ್ತು. ಪದ, ಚಿತ್ರ ಬರೆದ ಮಿಂಚುಪಟ್ಟಿಗಳು ಬಂದವು, ಆಟ ಬಂದವು, ಕೊನೆಗೆ ಗೋಡೆಗೆ ದೊಡ್ಡ ಪರದೆ ಬಂತು. ಮಕ್ಕಳನ್ನು ನಗಿಸುತ್ತ ಕಲಿಸಬೇಕು ಎಂದು ಹೇಳಿಕೊಡುವವರು ಬಂದರು. ನಗಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಆ ಹೊತ್ತಿಗೆ ಕಿಡ್ಡೋ ಕಥೆ ನನ್ನ ಚೀಲದಲ್ಲಿದ್ದ ಒಳ್ಳೆಯ ಸರಕಾಗಿತ್ತು. "ಆಡು ಕಾಯುವ ಹುಡುಗಿಯೊಬ್ಬಳು ಏನು ಬರೆದಳು ಗೊತ್ತೇ?" ಎಂದು ಶುರು ಮಾಡಿದರೆ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಹುಡುಗಿ ಶಾಲೆ ಬಿಟ್ಟ ಭಾಗ ಕಥೆಯಲ್ಲಿ ಇರಲಿಲ್ಲ.

ಬೀದರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡಲು ನನ್ನನ್ನು ಕರೆಯತೊಡಗಿದ ಮೇಲೆ ಆ ಕಥೆಗೆ ಇನ್ನೂ ಬಣ್ಣ ಬಂತು. ಊಟದ ನಂತರದ ಅವಧಿ, ಎಲ್ಲರೂ ತೂಕಡಿಸುವ ಹೊತ್ತು, ಆಗ ಕಿಡ್ಡೋ. ಒಂದು ಮಧ್ಯಾಹ್ನ ಹೇಳಿ ಮುಗಿಸಿದಾಗ ಎಲ್ಲರೂ ನಕ್ಕರು, ಒಬ್ಬಳು ನಗಲಿಲ್ಲ. ಜನವಾಡದಿಂದ ಬರುತ್ತಿದ್ದ ಶಾಹೀನ್ ಎಂಬ ಯುವ ಶಿಕ್ಷಕಿ. ಎದ್ದು ನಿಂತು, "ಸರ್, ಆ ಹುಡುಗಿ ಸರಿಯಾಗೇ ಬರ್ದಾಳಲ್ರಿ?" ಎಂದಳು.

"ಹ್ಯಾಂಗಮ್ಮ?"

"ಕಿಡ್ ಅಂದ್ರ ಮೊದಲ ಆಡಿನ ಮರೀನೇ ಅಲ್ರಿ, ಆಮ್ಯಾಲೆ ಮಕ್ಕಳಿಗಿ ಬಂದದ್ದು. ಕೊನಿಗಿರೋದು ಡೂ ಅಲ್ರಿ, ಬರೇ ಓ. ಚೀರಿಯೋ, ರೈಟೋ ಅಂತಾರಲ್ರಿ, ಅದೇ ಓ. ನಮ್ಮ ಅಮ್ಮೀ ಭೀ ನಾವು ದೂರ ಇದ್ರ ಓ ಹಚ್ಚೇ ಕರೀತಿದ್ರು." ಮೊಬೈಲು ಹಿಡಿದುಕೊಂಡು ಮುಂದೆ ಬಂದು ನನಗೆ ತೋರಿಸಿದಳು. ನನ್ನ ಕನ್ನಡಕ ಹಾಕಿಕೊಂಡಿರಲಿಲ್ಲ, ಕಾಣಿಸುತ್ತಿಲ್ಲ ಎಂದೆ. ಅದೂ ಸುಳ್ಳು. ಚೆನ್ನಾಗಿಯೇ ಕಾಣಿಸುತ್ತಿತ್ತು.

ಮರುದಿನ ಗ್ರಂಥಾಲಯಕ್ಕೆ ಹೋಗಿ, ಯಾರೂ ಮುಟ್ಟದ ದಪ್ಪ ಶಬ್ದಕೋಶದ ಧೂಳು ಒರೆಸಿ ತೆಗೆದೆ. ಕಿಡ್ ಎಂದರೆ ಆಡಿನ ಮರಿ, ಆಡುಮಾತಿನಲ್ಲಿ ಮಗು. ಅದಕ್ಕೆ ಓ ಸೇರಿ ಕಿಡ್ಡೋ, ಸಲಿಗೆಯಿಂದ ಕರೆಯುವ ಮಾತು. ಓ ಎಂಬ ಬಾಲದ ಬಗ್ಗೆ ಬೇರೆ ಕಡೆ ನೋಡಿದೆ. ಅದು ಬಹುಶಃ ಕೂಗುವಾಗ, ಕರೆಯುವಾಗ ಬಾಯಿಂದ ಬರುವ ಓ ಎಂಬ ಉದ್ಗಾರದಿಂದಲೇ ಹುಟ್ಟಿರಬೇಕು ಎಂದಿತ್ತು. ಪಂಡಿತರು "ಬಹುಶಃ" ಎಂದು ಬರೆದಿದ್ದರು. ಮಾಳಮ್ಮ ಬಹುಶಃ ಇಲ್ಲದೆ ಬರೆದಿದ್ದಳು. ಅಷ್ಟು ದೊಡ್ಡ ಪುಸ್ತಕ ಒಂದು ಪುಟದಲ್ಲಿ ಹೇಳಿದ್ದನ್ನು ಹದಿನಾಲ್ಕು ವರ್ಷದ ಹುಡುಗಿ ಕುರಿಹಟ್ಟಿಯಿಂದ ಎದ್ದು ಬಂದು ಐದು ಸಾಲಿನಲ್ಲಿ ಹೇಳಿದ್ದಳು. ನಾನು ಅದಕ್ಕೆ ಸೊನ್ನೆ ಹಾಕಿದ್ದೆ. ನನಗೆ ಅಲ್ಲಿ ಕೂತಿರಲು ನಾಚಿಕೆಯಾಯಿತು. ಗ್ರಂಥಪಾಲಕ ನನ್ನನ್ನೇ ನೋಡುತ್ತಿದ್ದಾನೆ ಎನ್ನಿಸಿತು. ಪಾಪ, ಅವನು ಪೇಪರು ಓದುತ್ತಿದ್ದ.

ಅವತ್ತೇ ಔರಾದಿನ ಬಸ್ಸು ಹತ್ತಿ ಹೋಗಬೇಕಿತ್ತು. ಹೋಗಲಿಲ್ಲ. ಕಥೆ ಹೇಳುವುದನ್ನು ಮಾತ್ರ ನಿಲ್ಲಿಸಿದೆ. ಅಷ್ಟಕ್ಕೇ ಪ್ರಾಯಶ್ಚಿತ್ತ ಆಯಿತು ಎಂದುಕೊಂಡು ಎರಡು ವರ್ಷ ಕಳೆದೆ. ನಿವೃತ್ತಿಯ ದಿನ ಬಂತು. ಸಭೆ, ಹಾರ, ಶಾಲು. ನನ್ನ ಮಾತಿನ ಸರದಿ ಬಂದಾಗ ಹಿಂದಿನ ಸಾಲಿನವರು "ಸರ್, ಕಿಡ್ಡೋ ಹೇಳ್ರಿ, ಕಿಡ್ಡೋ!" ಎಂದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ಮೈಕು. ಇಡೀ ಸಭೆ ನಗಲು ತಯಾರಾಗಿ ಕೂತಿತ್ತು.

ಹೇಳಿಬಿಟ್ಟೆ. ಗೊತ್ತಿದ್ದೂ ಹೇಳಿಬಿಟ್ಟೆ. ಮೊದಲ ಸಲ ಹೇಳಿದ್ದು ಅಜ್ಞಾನ ಎನ್ನಬಹುದು. ಇದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಸಭೆ ನಕ್ಕಿತು. ಮೂರನೇ ಸಾಲಿನಲ್ಲಿ ಕೂತಿದ್ದ ಶಾಹೀನ್ ತಲೆ ತಗ್ಗಿಸಿ ತನ್ನ ಬಳೆ ನೋಡಿಕೊಳ್ಳುತ್ತಿದ್ದಳು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಖುದಾ ಹಾಫಿಜ್ ಸರ್" ಎಂದು ಹೇಳಿ ಹೋದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ವಾರವೇ ಔರಾದಿನ ಬಸ್ಸು ಹತ್ತಿದೆ. ಔರಾದ ಬಸ್ ನಿಲ್ದಾಣದ ಎದುರು ಚಹಾದ ಹೋಟೆಲು ನಡೆಸುವವನು ಅದೇ ತರಗತಿಯ ವಿದ್ಯಾರ್ಥಿ. ನನ್ನನ್ನು ನೋಡಿ ಕಾಲಿಗೆರಗಿದ. ಮಾಳಮ್ಮ ಎಲ್ಲಿದ್ದಾಳೆ ಎಂದು ಕೇಳಿದೆ.

"ಮಾಳಮ್ಮ? ಯಾವ ಮಾಳಮ್ಮರಿ ಸರ್?" ತಲೆ ಕೆರೆದುಕೊಂಡ. ನಾನು ಗುರುತು ಹೇಳಿದೆ. ಅವನ ಮುಖ ಅರಳಿತು. "ಓಹೋ, ನಮ್ಮ ಕಿಡ್ಡಮ್ಮ! ಹಂಗನ್ರಿ ಮತ್ತ. ಊರಾಗೇ ಅದಾಳ್ರಿ. ಸ್ವಾದರತ್ತಿ ಮಗನಿಗೇ ಕೊಟ್ಟಾರ."

ಕಿಡ್ಡಮ್ಮ. ನಾನು ಎಸೆದ ಕಿಡ್ಡೋ ಎಂಬ ಪದದ ಬಾಲ ಕತ್ತರಿಸಿ, ಊರಿನವರು ಅದಕ್ಕೆ ಅಮ್ಮ ಎಂದು ಹಚ್ಚಿದ್ದರು. ಅವರು ಕುಚೋದ್ಯಕ್ಕೆ ಹಚ್ಚಿದ್ದಲ್ಲ. ದೊಡ್ಡವಳಾದ ಹೆಂಗಸನ್ನು ಬರೀ ಕಿಡ್ಡೋ ಎನ್ನುವುದು ಸರಿಯಲ್ಲ ಎಂದು ಮರ್ಯಾದೆಗೆ ಹಚ್ಚಿದ್ದರು. ಈಗಿನ ಹುಡುಗರಿಗೆ ಅದು ಇಂಗ್ಲಿಷ್ ಎಂದೂ ಗೊತ್ತಿಲ್ಲ, ಯಾವುದೋ ಊರ ದೇವತೆಯ ಹೆಸರು ಎಂದುಕೊಂಡಿದ್ದಾರಂತೆ.

ಹಳ್ಳಿಯಲ್ಲಿ ಆಕೆಯ ಮನೆಯ ಮುಂದೆ ಹೋಗಿ ನಿಂತಾಗ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ತಲೆ ಅರ್ಧ ನರೆತಿತ್ತು. ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡು, "ಬರ್ರಿ ಗುರುಜಿ" ಎಂದಳು, ನಿನ್ನೆ ನೋಡಿದವರನ್ನು ಕರೆದಂತೆ. ಕೂರಲು ಹಗ್ಗದ ಮಂಚ ತಂದು ಹಾಕಿದಳು. ನೀರು ಕೊಟ್ಟಳು. ತಂದೆ ತೀರಿಕೊಂಡು ಒಂಬತ್ತು ವರ್ಷವಾಯಿತು ಎಂದಳು.

ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ಮಾಳಮ್ಮ, ನೀ ಅವತ್ತು ಬರದಿದ್ದು ಸರಿ ಇತ್ತವ್ವ. ನಂದು ತಪ್ಪಿತ್ತು" ಎಂದಷ್ಟೇ ಬಂತು.

ಆಕೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು. "ಓ ಅನ್ನೋದು ಕರಿಯೋದೇ ಏನ್ರಿ?"

"ಕರಿಯೋದೇ. ದೊಡ್ಡ ಪುಸ್ತಕದಾಗ ನೋಡಿ ಬಂದೀನಿ."

"ನನಗ ಗೊತ್ತಿತ್ರಿ" ಎಂದಳು. ಆಮೇಲೆ, "ಗೊತ್ತಿತ್ತು ಅಂತ ಅಂದ್ಕೊಂಡಿದ್ದೆ. ನೀವು ಅಷ್ಟ ನಕ್ಕ ಮ್ಯಾಲ, ನಂದೇ ಗಲತ್ ಇರಬೇಕು ಅಂತ ಇಲ್ಲೀತನಕ ಹಂಗೇ ತಿಳ್ಕೊಂಡಿದ್ದೆ" ಎಂದಳು.

ಅಷ್ಟು ವರ್ಷ ಆ ಕಥೆಯನ್ನು ಎಲ್ಲೆಲ್ಲಿ ಹೇಳಿ ನಗಿಸಿದೆನೆಂದೂ ಹೇಳಿದೆ. ಅದನ್ನು ಮುಚ್ಚಿಟ್ಟು ಕ್ಷಮೆ ಕೇಳಿದರೆ ಅದು ಮತ್ತೊಂದು ಸುಳ್ಳಾಗುತ್ತಿತ್ತು. ಭಾಲ್ಕಿಯ ಹೆಸರು ಬಂದಾಗ ಆಕೆಯ ಮುಖ ಬದಲಾಯಿತು. ಒಂದು ಮರಿ ಬಂದು ಆಕೆಯ ಸೆರಗು ಎಳೆಯುತ್ತಿತ್ತು.

"ಭಾಲ್ಕಿಯಾಗ ನನ್ನ ಮಗಳು ಹಾಸ್ಟೆಲ್‌ದಾಗಿದ್ದು ಹತ್ತನೇತ್ತಾ ಓದ್ಲತ್ತಾಳ್ರಿ" ಎಂದಳು. "ರೇಷನ್ ಕಾರ್ಡ್ ಮಾಡಾಕ ಬಂದಾಗ ನಾ ಅಡವ್ಯಾಗಿದ್ದೆ. ಬಾಜೂ ಮನಿಯವರು ಕಿಡ್ಡಮ್ಮ ಅಂತ ಬರೆಸ್ಯಾರ. ಅಲ್ಲಿಂದ ಎಲ್ಲಾ ಕಾಗದಕ್ಕೂ ಅದೇ ಹತ್ತೇದ. ಮಗಳ ಸಾಲ್ಯಾಗ ತಾಯಿ ಹೆಸರ ಓದಿದ್ರ ಪೋರೀರು ನಗ್ತಾರಂತ್ರಿ. ಈಗ ಪರೀಕ್ಷಾದ ಕಾರ್ಡಿನ ಮ್ಯಾಲೂ ಅದೇ ಬರ್ತದ. ನನಗ ನಕ್ಕದ್ದು ನಕ್ಕೀರಿ. ಆಕಿಗೂ ನಗಬೇಕೇನ್ರಿ?"

ನಾನು ಏನು ಮಾಡಲಿ ಎಂದು ಕೇಳಿದೆ.

"ಹೆಸರ ಇಟ್ಟೋರು ನೀವು. ನೀವೇ ತಗೀರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕೊಟ್ಟ ಪಾತ್ರೆಯನ್ನು ವಾಪಸು ಕೇಳುವಂತೆ ಕೇಳಿದಳು. "ಮತ್ತ ನನಗ ಒಬ್ಬಾಕಿಗಿ ಬಂದು ಹೇಳಿದ್ರ ಹ್ಯಾಂಗ ಆಗ್ತದ್ರಿ? ಎಲ್ಲೆಲ್ಲಿ ನಗಿಸೀರಿ ಅಲ್ಲೆಲ್ಲ ಹೇಳ್ರಿ. ಬರದ್ರೂ ನಡೀತದ."

ಮುಂದಿನ ಸೋಮವಾರ ಇಬ್ಬರೂ ಔರಾದಿನ ತಾಲ್ಲೂಕು ಕಚೇರಿಗೆ ಹೋದೆವು. ನಾನು ಹಳೆಯ ಶಾಲೆಯಿಂದ ಆಕೆಯ ದಾಖಲಾತಿಯ ನಕಲು ತೆಗೆಸಿಕೊಂಡು ಬಂದಿದ್ದೆ. ಕಿಡ್ಡಮ್ಮ ಮತ್ತು ಮಾಳಮ್ಮ ಇಬ್ಬರೂ ಒಬ್ಬರೇ ಎಂದು ನಾನು ಸಾಕ್ಷಿ ಹೇಳಬೇಕಿತ್ತು. ಕಿಟಕಿಯ ಮುಂದೆ ಉದ್ದ ಸಾಲು. ಮಾಳಮ್ಮ ಬಿಸಿಲು ತಾಳದೆ ಅಂಗಳದ ಆ ತುದಿಯ ಬೇವಿನ ಮರದ ಕೆಳಗೆ ಹೋಗಿ ಕೂತಳು. ನನ್ನ ಸರದಿ ಬಂದಾಗ ಗುಮಾಸ್ತ ಕಾಗದ ತಿರುವಿ ಹಾಕಿ, "ಕಿಡ್ಡಮ್ಮ? ಎಂಥ ಹೆಸರ್‍ರಿ ಇದು? ಹ್ಯಾಂಗ ಬಂತು?" ಎಂದ.

ಹಿಂದೆ ಹದಿನೈದು ಇಪ್ಪತ್ತು ಜನ ನಿಂತಿದ್ದರು. "ನಾನಿಟ್ಟದ್ದು" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಕಿಡ್ಡೋ ಎಂದಾಗ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಮುಗಿಯುವವರೆಗೆ ಕಾದೆ. ಆಮೇಲೆ, ಆಕೆ ಬರೆದದ್ದು ಸರಿ ಇತ್ತು, ತಪ್ಪು ಕಲಿಸಿದವನು ನಾನು, ಗೊತ್ತಾದ ಮೇಲೂ ಹೇಳಿ ನಗಿಸಿದವನು ನಾನು ಎಂದೆ. ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ಹೇಳಿ ಮುಗಿಸಿದಾಗ ಯಾರೂ ನಗದೆ ಇದ್ದದ್ದು ಅದೇ ಮೊದಲು.

ಗುಮಾಸ್ತ ಕನ್ನಡಕ ತೆಗೆದಿಟ್ಟು, "ಹೆಣ್ಮಗಳು ಎಲ್ಲಿ? ಸಹಿ ಬೇಕು" ಎಂದ. ಬೇವಿನ ಮರದ ಕಡೆ ತೋರಿಸಿದೆ. ಅವನು ಕಿಟಕಿಯಿಂದಲೇ "ಮಾಳಮ್ಮ" ಎಂದ. ಅಷ್ಟು ದೂರಕ್ಕೆ, ಅಷ್ಟು ಗದ್ದಲದಲ್ಲಿ ಕೇಳಿಸಲಿಲ್ಲ.

"ನೀವೇ ಕರೀರಿ ಗುರುಜಿ" ಎಂದ.

ನಾನು ಮೆಟ್ಟಿಲ ಮೇಲೆ ಬಂದು ನಿಂತೆ. ಒಂದು ಸಲ ಕರೆದರೆ ಬರುತ್ತಾಳೆ ಎಂದು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದ ಆಕೆಯ ತಂದೆ ಹೇಳಿದ್ದು ನೆನಪಾಯಿತು. ಆಕೆ ದೂರ ಇದ್ದಳಲ್ಲ, ಹೆಸರಿಗೆ ಓ ಹಚ್ಚಿ ಕರೆದೆ.

"ಮಾಳಮ್ಮೋ..."

"ಓ" ಎಂದಳು. ಎದ್ದು ಸೀರೆ ಕೊಡವಿಕೊಂಡು ಬಂದಳು.